ಎರಡು ಮಾತು, ಎರಡು ಗುಟ್ಟು: ಜೋಡಿ ಸಮೀಕರಣ ಬಿಡಿಸುವ ದಾರಿಗಳ ಸುತ್ತ

ಒಂಬತ್ತು ಮಾದಲದ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿದರೆ 101. ಒಂದು ಮಾದಲಕ್ಕೆಷ್ಟು, ಒಂದು ಬೇಲಕ್ಕೆಷ್ಟು? ಈ ಲೆಕ್ಕ ಕೇಳಿದವರು ಕನ್ನಡ ನೆಲದ ಗಣಿತಜ್ಞ ಮಹಾವೀರಾಚಾರ್ಯರು. ಕ್ರಿ.ಶ. 850ರ ಸುಮಾರಿಗೆ, ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಇದು ಸಿಗುತ್ತದೆ. ಇಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹತ್ತನೇ ತರಗತಿಯಲ್ಲಿ, ವೈ.ಎನ್.ಹೊಸಕೋಟೆಯಂಥ ಗಡಿ ಹೋಬಳಿಯ ಶಾಲೆಯಲ್ಲೂ, ಇದೇ ಅಚ್ಚಿನ ಲೆಕ್ಕ 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು' ಎಂಬ ಉದ್ದನೆಯ ಹೆಸರಿನಲ್ಲಿ ಮಕ್ಕಳ ಮುಂದೆ ನಿಲ್ಲುತ್ತದೆ. ಉತ್ತರದ ಬಗ್ಗೆ ಯಾರಿಗೂ ತಕರಾರಿಲ್ಲ: ಮಾದಲಕ್ಕೆ 8, ಬೇಲಕ್ಕೆ 5. ತಕರಾರಿರುವುದು ಅಲ್ಲಿಗೆ ಹೋಗುವ ದಾರಿಯ ಬಗ್ಗೆ. ನಕ್ಷೆ ಮೊದಲೋ, ಬೀಜಗಣಿತ ಮೊದಲೋ? ಬಾಯಿಲೆಕ್ಕಕ್ಕೆ ತರಗತಿಯಲ್ಲಿ ಜಾಗವಿದೆಯೋ ಇಲ್ಲವೋ? ಓರೆ ಗುಣಾಕಾರ ಬೇಕೋ ಬೇಡವೋ? ಎಲ್ಲ ದಾರಿಯೂ ಒಂದೇ ಉತ್ತರ ಕೊಡುವಾಗ ಇದು ಬರಿಯ ರುಚಿಭೇದ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ಒಂದೊಂದು ದಾರಿಯೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತದೆ. ಯಾವ ದಾರಿಯನ್ನು ಬಿಡುತ್ತೇವೋ ಆ ಪ್ರಶ್ನೆಯನ್ನೂ ಅದರ ಜೊತೆಗೇ ಬಿಟ್ಟಿರುತ್ತೇವೆ.

ಮಳಖೇಡಕ್ಕಿಂತ ಹಿಂದೆ, ಮಳಖೇಡದಿಂದ ಮುಂದೆ

ಎರಡು ಗೊತ್ತಿಲ್ಲದ ಮೊತ್ತಗಳನ್ನು ಎರಡು ಹೇಳಿಕೆಗಳಿಂದ ಹಿಡಿಯುವ ಆಸೆ ಬರವಣಿಗೆಯಷ್ಟೇ ಹಳೆಯದು. ಸುಮಾರು 3,800 ವರ್ಷ ಹಿಂದಿನ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಯೊಂದರಲ್ಲಿ ಎರಡು ಹೊಲಗಳ ಲೆಕ್ಕವಿದೆ. ಎರಡೂ ಸೇರಿ ಹೊಲದ ಅಳತೆ 1,800. ಒಂದು ಹೊಲದಿಂದ ಪ್ರತಿ ಅಳತೆಗೆ ಮೂರರಲ್ಲಿ ಎರಡು ಪಾಲು ಧಾನ್ಯ, ಇನ್ನೊಂದರಿಂದ ಅರ್ಧ. ಮೊದಲಿನದರ ಧಾನ್ಯ ಎರಡನೆಯದಕ್ಕಿಂತ 500 ಹೆಚ್ಚು. ಲೆಕ್ಕಿಗ ಮೊದಲು ಹೊಲವನ್ನು 900, 900 ಎಂದು ಸಮಪಾಲು ಮಾಡುತ್ತಾನೆ. ಆಗ ಧಾನ್ಯದ ವ್ಯತ್ಯಾಸ 150 ಮಾತ್ರ, ಇನ್ನೂ 350 ಬೇಕು. ಒಂದು ಅಳತೆ ಹೊಲವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರೆ ವ್ಯತ್ಯಾಸ ಆರರಲ್ಲಿ ಏಳರಷ್ಟು ಬೆಳೆಯುತ್ತದೆ. ಹಾಗಾಗಿ 300 ಅಳತೆ ಸರಿಸಬೇಕು. ಉತ್ತರ 1,200 ಮತ್ತು 600. ಇಲ್ಲಿ ಅಕ್ಷರವಿಲ್ಲ, ಸಮೀಕರಣದ ಚಿಹ್ನೆಯಿಲ್ಲ. ತಪ್ಪೆಂದು ಗೊತ್ತಿದ್ದೇ ಒಂದು ಊಹೆ ಮಾಡಿ, ಆ ತಪ್ಪಿನ ಅಳತೆಯಿಂದಲೇ ಸರಿಯನ್ನು ಹಿಡಿಯುವ ಜಾಣತನ ಮಾತ್ರ ಇದೆ.

ಚೀನಾದ 'ಗಣಿತಕಲೆಯ ಒಂಬತ್ತು ಅಧ್ಯಾಯಗಳು' ಎಂಬ ಪ್ರಾಚೀನ ಗ್ರಂಥದ ಎಂಟನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಲೆಕ್ಕದ ಕಡ್ಡಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದು ಸಾಲನ್ನು ಇನ್ನೊಂದರಿಂದ ಕಳೆಯುತ್ತ ಗೊತ್ತಿಲ್ಲದವುಗಳನ್ನು ಒಂದೊಂದಾಗಿ ಅಳಿಸುವ ಕ್ರಮ ಅಲ್ಲಿದೆ. ಕ್ರಿ.ಶ. 263ರಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ, ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎಂದು ಹೇಳುತ್ತಾನೆ. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜರ್ಮನಿಯ ಗಾಸ್ ಹೆಸರಿನಲ್ಲಿ ಕಲಿಸುವ ವಿಧಾನದ ತಿರುಳು ಅವನು ಹುಟ್ಟುವುದಕ್ಕೆ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆಯೇ ಹೀಗೆ ಬಳಕೆಯಲ್ಲಿತ್ತು.

ಭಾರತದ ದಾರಿ ಹೆಸರಿಡುವ ಕಡೆಗೆ ತಿರುಗಿತು. 628ರಲ್ಲಿ 'ಬ್ರಾಹ್ಮಸ್ಫುಟಸಿದ್ಧಾಂತ' ಬರೆದ ಬ್ರಹ್ಮಗುಪ್ತನ ಹೊತ್ತಿಗೆ ಗೊತ್ತಿಲ್ಲದ ರಾಶಿಗಳಿಗೆ ಬಣ್ಣದ ಹೆಸರು ಕೊಡುವ ರೂಢಿ ಇತ್ತು. ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಮೊದಲನೆಯದು ಯಾವತ್ತಾವತ್, ಎರಡನೆಯದು ಕಾಲಕ, ಮೂರನೆಯದು ನೀಲಕ. ಬರೆಯುವಾಗ ಯಾ, ಕಾ, ನೀ. 'ನೀನು ನನಗೆ ನೂರು ಕೊಟ್ಟರೆ ನಾನು ನಿನ್ನ ಎರಡರಷ್ಟು ಸಿರಿವಂತ' ಎಂದು ಒಬ್ಬ, 'ನೀನು ನನಗೆ ಹತ್ತು ಕೊಟ್ಟರೆ ನಾನು ನಿನ್ನ ಆರರಷ್ಟು' ಎಂದು ಇನ್ನೊಬ್ಬ ಹೇಳುವ ಲೆಕ್ಕ ಅದೇ ಗ್ರಂಥದ್ದು. ಒಬ್ಬನ ಹತ್ತಿರ 40, ಇನ್ನೊಬ್ಬನ ಹತ್ತಿರ 170. ಈ ಲೆಕ್ಕ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕಕ್ಕೂ ಬಂದಿತ್ತು.

ಮಹಾವೀರರ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ಈಗ ಸಿಗುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಕಾಲದಲ್ಲೇ ಲೆಕ್ಕದ ಪುಸ್ತಕ ಸಂಸ್ಕೃತದಲ್ಲಿ ಬಂತು. ಲೆಕ್ಕ ಕನ್ನಡಕ್ಕಿಳಿಯಲು 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಬರೆಯುವವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ, 11ನೇ ಶತಮಾನದಲ್ಲಿ, ಪಾವುಲೂರಿ ಮಲ್ಲನ ಮಹಾವೀರರನ್ನು ತೆಲುಗಿಗೆ ತಂದಿದ್ದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿರುವ ಪಾವಗಡದ ನೆಲದಲ್ಲಿ ನಿಂತು ನೋಡಿದರೆ, ಒಂದೇ ಗ್ರಂಥ ಎರಡೂ ಭಾಷೆಯ ಲೆಕ್ಕದ ಬೇರಾಗಿರುವುದು ಸಣ್ಣ ಸಂಗತಿಯಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು.

ಯೂರೋಪಿನ ಪಾಲು ತಡವಾಗಿ ಬಂತು, ಆದರೆ ಆಟವನ್ನೇ ಬದಲಿಸಿತು. 1637ರಲ್ಲಿ ದೆಕಾರ್ತನ 'ಜ್ಯಾಮಿತಿ' ಸಮೀಕರಣಕ್ಕೂ ಗೆರೆಗೂ ನಂಟು ಹಾಕಿತು. 1750ರಲ್ಲಿ ಕ್ರೇಮರ್ ಸಹಗುಣಕಗಳಿಂದ ನೇರವಾಗಿ ಉತ್ತರ ಬರೆಯುವ ಸೂತ್ರ ಪ್ರಕಟಿಸಿದ. ಅದರ ಎರಡು ಚರಾಕ್ಷರದ ರೂಪವೇ ನಮ್ಮ ಓರೆ ಗುಣಾಕಾರ.

ಬಾಯಿಲೆಕ್ಕದ ಪಂಥ

ಮೊದಲ ಪಂಥ ಅಕ್ಷರವನ್ನು ಆದಷ್ಟು ತಡವಾಗಿ ತರಬೇಕು ಎನ್ನುತ್ತದೆ. ಮೂವತ್ತು ತಲೆ, ಎಂಬತ್ತನಾಲ್ಕು ಕಾಲು. ಕುರಿ ಎಷ್ಟು, ಕೋಳಿ ಎಷ್ಟು? ಎಲ್ಲವೂ ಕೋಳಿಯಾಗಿದ್ದರೆ ಕಾಲು 60. ಉಳಿದ 24 ಕಾಲು ಕುರಿಗಳ ಹೆಚ್ಚುವರಿ ಕಾಲು, ತಲೆಗೆ ಎರಡರಂತೆ. ಕುರಿ 12, ಕೋಳಿ 18. ಇದು ಬ್ಯಾಬಿಲೋನಿಯಾದ ಲೆಕ್ಕಿಗ ಮಾಡಿದ್ದೇ. ಸಿಂಗಪುರದ ಪ್ರಾಥಮಿಕ ಶಾಲೆಗಳು 1980ರ ದಶಕದಿಂದ ಪಟ್ಟಿಚಿತ್ರ ಬರೆಸಿ ಇಂಥ ಯೋಚನೆಯನ್ನೇ ಪಾಠವಾಗಿಸಿವೆ.

ವೈ.ಎನ್.ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಮಜೂರಿಯ ಒಂದು ಲೆಕ್ಕ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಒಂದು ತಿಂಗಳು ಮೂರು ಸಾದಾ ಸೀರೆ, ಎರಡು ಬುಟ್ಟಾ ಸೀರೆ ಮಗ್ಗದಿಂದ ಇಳಿದವು, ಮಜೂರಿ 7,600 ರೂಪಾಯಿ. ಮುಂದಿನ ತಿಂಗಳು ಸಾದಾ ಮೂರೇ, ಬುಟ್ಟಾ ನಾಲ್ಕು, ಮಜೂರಿ 11,600. ಶಾಲೆ ಮೆಟ್ಟಿಲು ಹತ್ತದವರೂ ಇಲ್ಲಿ ಪೆನ್ನು ಹಿಡಿಯಬೇಕಾಗಿಲ್ಲ. ಸಾದಾ ಅಷ್ಟೇ ಇದ್ದುದರಿಂದ ಹೆಚ್ಚಿದ 4,000 ಎರಡು ಬುಟ್ಟಾ ಸೀರೆಯದು. ಒಂದಕ್ಕೆ 2,000. ಉಳಿದದ್ದರಿಂದ ಸಾದಾ 1,200. ಪಠ್ಯಪುಸ್ತಕ ಇದನ್ನೇ ವರ್ಜಿಸುವ ವಿಧಾನ ಎನ್ನುತ್ತದೆ. ಮಗು ಈಗಾಗಲೇ ಮಾಡಬಲ್ಲ ಕೆಲಸಕ್ಕೆ ಅಪರಿಚಿತ ಹೆಸರು ಕೊಟ್ಟು, ಅದನ್ನು ಹೊಸ ವಿದ್ಯೆಯೆಂಬಂತೆ ಹೇರುತ್ತಿದ್ದೇವೆ ಎಂಬುದು ಈ ಪಂಥದ ದೂರು. ದೂರಿನಲ್ಲಿ ಹುರುಳಿದೆ.

ಇದಕ್ಕೆ ಬರುವ ಆಕ್ಷೇಪ: ಬಾಯಿಲೆಕ್ಕ ಸಲೀಸಾಗಿ ಸಾಗುವುದು ಅಂಕಿಗಳು ಹೊಂದಿಕೊಂಡಾಗ ಮಾತ್ರ. ಒಂದು ತಿಂಗಳು ಸಾದಾ ಐದು, ಇನ್ನೊಂದು ತಿಂಗಳು ಏಳು ಎಂದಾದರೆ ಬರಿಯ ಕಳೆಯುವುದು ಸಾಲದು. ಮಹಾವೀರರ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಈ ಆಕ್ಷೇಪದ ನಿಜವೂ ತಿಳಿಯುತ್ತದೆ, ಅದರ ಮಿತಿಯೂ ತಿಳಿಯುತ್ತದೆ. ಎರಡೂ ಹೇಳಿಕೆ ಕೂಡಿಸಿ: 16 ಮಾದಲ, 16 ಬೇಲಕ್ಕೆ 208. ಅಂದರೆ ಒಂದು ಮಾದಲ, ಒಂದು ಬೇಲದ ಜೋಡಿಗೆ 13. ಈಗ ಕಳೆಯಿರಿ: ಎರಡು ಬೇಲ ಬಿಟ್ಟು ಎರಡು ಮಾದಲ ತೆಗೆದುಕೊಂಡರೆ 6 ಹೆಚ್ಚು ಕೊಡಬೇಕು, ಅಂದರೆ ಮಾದಲ ಬೇಲಕ್ಕಿಂತ 3 ದುಬಾರಿ. ಮೊತ್ತ 13, ವ್ಯತ್ಯಾಸ 3: ಎಂಟು ಮತ್ತು ಐದು. ಮಹಾವೀರರು ಕೊಟ್ಟ ನಿಯಮ ನೋಡಲು ಬೇರೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಸಣ್ಣ ಬೆಲೆಯನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ ಕಳೆದು, ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು ಎನ್ನುತ್ತದೆ ಅದು. 9×107 ಅಂದರೆ 963, 7×101 ಅಂದರೆ 707, ವ್ಯತ್ಯಾಸ 256. ವರ್ಗಗಳ ವ್ಯತ್ಯಾಸ 81−49, ಅಂದರೆ 32. ಭಾಗಿಸಿದರೆ 8. ಆ 32 ಎಲ್ಲಿಂದ ಬಂತು? 16ನ್ನು 2ರಿಂದ ಗುಣಿಸಿದ್ದು. ಕೂಡಿಸಿದಾಗ 16ರಿಂದ ಭಾಗಿಸಿದೆವು, ಕಳೆದಾಗ 2ರಿಂದ. ಆ ಎರಡೂ ಭಾಗಾಕಾರ ಸೂತ್ರದ ಹೊಟ್ಟೆಯೊಳಗೆ ಒಂದಾಗಿ ಕೂತಿವೆ. ಬಾಯಿಲೆಕ್ಕ ಸೂತ್ರದ ವೈರಿಯಲ್ಲ. ಸೂತ್ರ ಹುಟ್ಟುವ ಹೊಲವೇ ಅದು, ಆದರೆ ಅಂಕಿಗಳು ಈ ಲೆಕ್ಕದಲ್ಲಿದ್ದಂತೆ ಅದಲುಬದಲಾಗಿ ಹೊಂದಿಕೊಳ್ಳದಿದ್ದಾಗ ಹೊಲ ದಾಟಿ ಹೋಗಲೇಬೇಕು.

ವರ್ಜಿಸುವುದು, ಆದೇಶಿಸುವುದು

ಎರಡನೇ ಪಂಥ ಶುದ್ಧ ಬೀಜಗಣಿತದವರದು. ಅವರೊಳಗೂ ಎರಡು ಗುಂಪು. ಆದೇಶ ವಿಧಾನದವರು ಒಂದು ರಾಶಿಯನ್ನು ಇನ್ನೊಂದರ ಮಾತಿನಲ್ಲಿ ಹೇಳಿ, ಎರಡು ಗುಟ್ಟಿನ ಲೆಕ್ಕವನ್ನು ಒಂದು ಗುಟ್ಟಿನದಾಗಿಸುತ್ತಾರೆ. ಮಗುವಿಗೆ ಒಂದು ಚರಾಕ್ಷರದ ಸಮೀಕರಣ ಆಗಲೇ ಗೊತ್ತಿರುವುದರಿಂದ ಇದು ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹಾಕಿದ ಮೆಟ್ಟಿಲು. ಮುಂದೆ ಒಂದು ಸಮೀಕರಣ ವರ್ಗ ಸಮೀಕರಣವಾದಾಗಲೂ ಈ ವಿಧಾನ ಕೈಬಿಡುವುದಿಲ್ಲ. ಆದರೆ ಸಹಗುಣಕ ಒಂದಲ್ಲದ ಕಡೆ ಭಿನ್ನರಾಶಿ ಹುಟ್ಟಿಕೊಳ್ಳುತ್ತದೆ, ಭಿನ್ನರಾಶಿಯಲ್ಲಿ ಎಡವುವ ಮಗು ಇಲ್ಲೂ ಎಡವುತ್ತದೆ. ವರ್ಜಿಸುವ ವಿಧಾನ ಅಂಕಿಗಳನ್ನು ಪೂರ್ಣಾಂಕವಾಗಿಯೇ ಇಟ್ಟುಕೊಳ್ಳುತ್ತದೆ, ಚರಾಕ್ಷರ ಮೂರಾದರೂ ಮುನ್ನೂರಾದರೂ ಅದೇ ಕ್ರಮ. ಕಂಪ್ಯೂಟರುಗಳು ಇಂಥ ಲೆಕ್ಕ ಮಾಡುವಾಗ ಹೆಚ್ಚಾಗಿ ನೆಚ್ಚುವುದು ಇದರ ಬೆಳೆದ ರೂಪಗಳನ್ನೇ.

ಈ ಪಂಥದ ಮೇಲಿನ ದೊಡ್ಡ ಆಪಾದನೆ ಯಾಂತ್ರಿಕತೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಶಾಲೆಗಳಲ್ಲಿ ಓಡಾಡುವ 'ಪಾಸಿಂಗ್ ಪ್ಯಾಕೇಜ್' ಟಿಪ್ಪಣಿಗಳಲ್ಲಿ ಇದು ಎದ್ದು ಕಾಣುತ್ತದೆ: ಈ ಸಾಲನ್ನು ಇಷ್ಟರಿಂದ ಗುಣಿಸು, ಚಿಹ್ನೆ ಬದಲಿಸು, ಕಳೆ, ಉತ್ತರ ಬರೆ. ಬ್ರಿಟನ್ನಿನ ರಿಚರ್ಡ್ ಸ್ಕೆಂಪ್ 1976ರ ತಮ್ಮ ಲೇಖನದಲ್ಲಿ, ನಿಯಮವನ್ನು ಬಳಸಲು ತಿಳಿಯುವುದನ್ನೂ ಏಕೆಂದು ತಿಳಿಯುವುದನ್ನೂ ಎರಡು ಬೇರೆ ಬಗೆಯ ತಿಳಿವಳಿಕೆ ಎಂದು ವಿಂಗಡಿಸಿದರು. ಬೀಜಗಣಿತದ ಪಂಥ ಬಹುಪಾಲು ಮೊದಲನೆಯದರಲ್ಲೇ ನಿಂತುಬಿಡುತ್ತದೆ ಎಂಬುದು ಟೀಕಾಕಾರರ ಮಾತು. ಇದಕ್ಕೆ ಸಾಕ್ಷಿ ಉತ್ತರ ಬರುವ ಲೆಕ್ಕದಲ್ಲಿ ಸಿಗುವುದಿಲ್ಲ, ಉತ್ತರ ಬಾರದ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮಾದಲ, ಮೂರು ಬೇಲಕ್ಕೆ 31. ನಾಲ್ಕು ಮಾದಲ, ಆರು ಬೇಲಕ್ಕೆ 60 ಎನ್ನಿ. ಮೊದಲನೆಯದನ್ನು ಇಮ್ಮಡಿಸಿ ಕಳೆದರೆ ಮಾದಲವೂ ಹೋಯಿತು, ಬೇಲವೂ ಹೋಯಿತು. ಉಳಿದದ್ದು 62 ಮತ್ತು 60 ಒಂದೇ ಎಂಬ ಸುಳ್ಳು. ಮಗು ತಾನೆಲ್ಲೋ ತಪ್ಪಿದೆನೆಂದು ಹಾಳೆಯನ್ನು ಒರೆಸುತ್ತದೆ. ಲೆಕ್ಕ ಹೇಳುತ್ತಿರುವುದು ಬೇರೆಯೇ ಮಾತು: ಇಮ್ಮಡಿ ಕೊಂಡವರಿಗೆ ಅಂಗಡಿಯವರು ಎರಡು ರೂಪಾಯಿ ಬಿಟ್ಟಿದ್ದಾರೆ, ಬೆಲೆ ಎಲ್ಲರಿಗೂ ಒಂದೇ ಎಂಬ ನಮ್ಮ ಊಹೆಯೇ ನಿಲ್ಲಲಿಲ್ಲ. ಅಸಂಗತ ಜೋಡಿ ಎನ್ನುವುದರ ಒಳಗೆ ಲೋಕದ ಬಗ್ಗೆ ಇಂಥ ಒಂದು ಸುದ್ದಿ ಅಡಗಿದೆ. ಅದನ್ನು ಮಗುವಿಗೆ ಮುಟ್ಟಿಸದ ವಿಧಾನ ಎಷ್ಟೇ ಚುರುಕಾಗಿದ್ದರೂ ಅರೆಯೇ.

ಗೆರೆ ಎಳೆದು ನೋಡುವವರು

ಇಲ್ಲಿ ನಕ್ಷೆಯ ಪಂಥ ಮುಂದೆ ಬರುತ್ತದೆ. ಎರಡು ಹೇಳಿಕೆ, ಎರಡು ಗೆರೆ. ಗೆರೆಗಳು ಛೇದಿಸಿದರೆ ಒಂದೇ ಪರಿಹಾರ, ಸಮಾಂತರವಾದರೆ ಪರಿಹಾರವಿಲ್ಲ, ಒಂದರ ಮೇಲೊಂದು ಬಿದ್ದರೆ ಲೆಕ್ಕವಿಲ್ಲದಷ್ಟು. ಮೂರು ಸಾಧ್ಯತೆಗಳು ಒಂದೇ ನೋಟಕ್ಕೆ ಸಿಗುತ್ತವೆ. ಎನ್‌ಸಿಇಆರ್‌ಟಿ ಪುಸ್ತಕವೂ ಅದನ್ನು ಅನುಸರಿಸಿದ ನಮ್ಮ ರಾಜ್ಯದ ಪಠ್ಯವೂ ನಕ್ಷೆಯನ್ನು ಮೊದಲಿಟ್ಟು ಬೀಜಗಣಿತವನ್ನು ಆಮೇಲೆ ತರುವುದು ಈ ಕಾರಣಕ್ಕೇ.

ನಕ್ಷೆಯ ನಿಜವಾದ ಬಲ ಬಿಂದುವಿನಲ್ಲಿಲ್ಲ, ಬಿಂದುವಿನ ಎರಡೂ ಪಕ್ಕದಲ್ಲಿದೆ ಎಂದು ನನಗೆ ತೋರುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಅದೇ ಎಕರೆಯಲ್ಲಿ ಶೇಂಗಾ ಹಾಕಿದರೆ? ಲೆಕ್ಕಕ್ಕಾಗಿ ಖರ್ಚು 21,000, ಕ್ವಿಂಟಾಲಿಗೆ ಬೆಲೆ 6,000 ಎಂದಿಟ್ಟುಕೊಳ್ಳೋಣ. ಗುತ್ತಿಗೆ ಒಂದು ಮಟ್ಟಸ ಗೆರೆ. ಶೇಂಗಾದ ಉಳಿತಾಯ ಕೆಳಗಿನಿಂದ ಏರುವ ಗೆರೆ. ಎರಡೂ ಸಂಧಿಸುವುದು ಎಕರೆಗೆ ಏಳು ಕ್ವಿಂಟಾಲ್ ಇಳುವರಿಯಲ್ಲಿ. ಬೀಜಗಣಿತ ಆ 'ಏಳು' ಹೇಳಿ ಸುಮ್ಮನಾಗುತ್ತದೆ. ನಕ್ಷೆ ಮುಂದಿನ ಮಾತನ್ನೂ ಹೇಳುತ್ತದೆ: ಮಳೆ ಕೈಕೊಟ್ಟು ಇಳುವರಿ ಮೂರಕ್ಕಿಳಿದರೆ ನಷ್ಟದ ಆಳವೆಷ್ಟು, ಹತ್ತಕ್ಕೇರಿದರೆ ಗುತ್ತಿಗೆಗಿಂತ ಲಾಭ ಎಷ್ಟು. ರೈತರಿಗೆ ಬೇಕಾದ್ದು ಛೇದಬಿಂದುವಲ್ಲ, ಈ ಹರಹು. ಅಂದಹಾಗೆ, ಆ ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ವರ್ಷಗಳನ್ನು ಅಡ್ಡ ಅಕ್ಷದಲ್ಲಿಟ್ಟು ಬರೆದರೆ ಅದು ಸರಳ ರೇಖೆಯಲ್ಲ, ಮೆಟ್ಟಿಲು. ರೇಖಾತ್ಮಕ ಎಂಬ ಪದಕ್ಕೆ ಎಲ್ಲೆ ಯಾವುದೆಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಈ ತಾಲ್ಲೂಕಿನಲ್ಲಿ ಸಿಗಲಾರದು.

ನಕ್ಷೆಯ ವಿರುದ್ಧದ ವಾದವೂ ಅಷ್ಟೇ ಗಟ್ಟಿ. ಮಹಾವೀರರ ಹಣ್ಣಿನ ಲೆಕ್ಕವನ್ನೇ ನಕ್ಷಾಹಾಳೆಯ ಮೇಲೆ ಎಳೆಯಲು ಕೂರಿ. ಮೊದಲ ಹೇಳಿಕೆಗೆ ಒಂದು ಬಿಂದು ಬೇಕು: ಮಾದಲ ಸೊನ್ನೆಯಾದರೆ ಬೇಲ 107ರ ಏಳನೇ ಒಂದು ಪಾಲು, ಅದನ್ನು ಗುರುತಿಸಲು ಹಾಳೆಯಲ್ಲಿ ಮನೆಯಿಲ್ಲ. ಎರಡನೇ ಹೇಳಿಕೆಗೆ ಪೂರ್ಣಾಂಕದ ಇನ್ನೊಂದು ಬಿಂದು ಬೇಕೆಂದರೆ ಮಾದಲ ಋಣ 1, ಬೇಲ 12 ಎಂಬಲ್ಲಿಗೆ ಹೋಗಬೇಕು. ಋಣ ಬೆಲೆಯ ಹಣ್ಣು ಯಾವ ಸಂತೆಯಲ್ಲೂ ಸಿಗುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ನಕ್ಷೆಗೆ ಕೊಡುವ ಲೆಕ್ಕಗಳೆಲ್ಲ ಮೊದಲೇ ಪಳಗಿಸಿದವು. ಉತ್ತರ ಪೂರ್ಣಾಂಕವೇ ಆಗಿರುತ್ತದೆಂದು ಮಕ್ಕಳಿಗೆ ಗೊತ್ತು. ಮೊದಲು ವರ್ಜಿಸಿ ಉತ್ತರ ಕಂಡುಕೊಂಡು, ಆಮೇಲೆ ಗೆರೆಗಳನ್ನು ಆ ಬಿಂದುವಿಗೆ ತಂದು ಮುಟ್ಟಿಸುವ ದಾರಿಯೂ ಅವರಿಗೆ ತೆರೆದೇ ಇದೆ. ಆಗ ನಕ್ಷೆ ಕಾಣಿಸುವ ಕೆಲಸ ಬಿಟ್ಟು ಅಲಂಕಾರದ ಕೆಲಸಕ್ಕೆ ನಿಲ್ಲುತ್ತದೆ.

ಆದರೂ ನಕ್ಷೆಯನ್ನು ಬಿಡಲಾಗದ ಒಂದು ಕಾರಣವಿದೆ. ಎರಡು ರಾಶಿಗಳ ಮೊತ್ತ 10, ಮೊದಲನೆಯದರ 1.01ರಷ್ಟನ್ನು ಎರಡನೆಯದಕ್ಕೆ ಕೂಡಿಸಿದರೆ 10.05. ಉತ್ತರ 5 ಮತ್ತು 5. ಈಗ 10.05ರ ಜಾಗದಲ್ಲಿ 10.06 ಎಂದು ಒಂದೇ ಪೈಸೆಯಷ್ಟು ಬದಲಿಸಿ. ಉತ್ತರ 6 ಮತ್ತು 4 ಆಗಿಬಿಡುತ್ತದೆ. ತಕ್ಕಡಿಯಲ್ಲೋ ಟೇಪಿನಲ್ಲೋ ಅಳೆದು ತಂದ ಅಂಕಿಯಾದರೆ ಇಂಥ ಉತ್ತರವನ್ನು ನಂಬುವಂತಿಲ್ಲ. ಬೀಜಗಣಿತ ಈ ಅಪಾಯದ ಸುಳಿವು ಕೊಡದೆ ಖಚಿತವಾಗಿ ಐದು ಎನ್ನುತ್ತದೆ. ಗೆರೆ ಎಳೆದರೆ ತಕ್ಷಣ ಕಾಣುತ್ತದೆ: ಎರಡೂ ಹೆಚ್ಚುಕಡಿಮೆ ಸಮಾಂತರ, ಒಂದನ್ನು ಕೂದಲೆಳೆಯಷ್ಟು ಜರುಗಿಸಿದರೂ ಸಂಧಿ ಎಲ್ಲೋ ಓಡುತ್ತದೆ. ಇಂಥ ಲೆಕ್ಕಗಳ ಸ್ವಭಾವವನ್ನು ಅಳೆಯಲು ಅಲನ್ ಟ್ಯೂರಿಂಗ್ 1948ರಲ್ಲಿ ಒಂದು ಸಂಖ್ಯೆಯನ್ನೇ ರೂಪಿಸಿದ. ಹತ್ತನೇ ತರಗತಿಗೆ ಆ ಸಂಖ್ಯೆ ಬೇಡ, ಆ ಚಿತ್ರ ಬೇಕು.

ಎರಡು ಪಂಥಗಳ ನಡುವೆ ಸೇತುವೆಯೂ ಇದೆ, ಪಾಠದಲ್ಲಿ ಅದು ಕಾಣಸಿಗುವುದು ಅಪರೂಪ. ಎರಡು ಹೇಳಿಕೆ ಕೂಡಿಸಿದಾಗ ಬಂದ 16 ಮಾದಲ, 16 ಬೇಲ, 208 ಎಂಬುದೂ ಒಂದು ಗೆರೆ. ಅದೂ ಎಂಟು-ಐದರ ಬಿಂದುವಿನ ಮೂಲಕವೇ ಹೋಗುತ್ತದೆ. ಗುಣಿಸಿ, ಕೂಡಿಸಿ, ಕಳೆದು ಪಡೆಯುವ ಪ್ರತಿ ಹೊಸ ಸಮೀಕರಣವೂ ಅದೇ ಬಿಂದುವಿಗೆ ಗೂಟ ಹೊಡೆದು ಕಟ್ಟಿದ ಗೆರೆ. ವರ್ಜಿಸುವುದೆಂದರೆ ಆ ಗೆರೆಯನ್ನು ಗೂಟದ ಸುತ್ತ ತಿರುಗಿಸುತ್ತ ನೆಟ್ಟಗೋ ಮಟ್ಟಸವಾಗಿಯೋ ನಿಲ್ಲಿಸುವುದು. ನೆಟ್ಟಗೆ ನಿಂತ ಗೆರೆ 'ಮಾದಲ 8' ಎನ್ನುತ್ತದೆ, ಮಟ್ಟಸ ಗೆರೆ 'ಬೇಲ 5' ಎನ್ನುತ್ತದೆ. ಇದನ್ನು ಒಮ್ಮೆ ಕಂಡ ಮಗುವಿಗೆ 'ಸಮೀಕರಣಗಳನ್ನು ಕೂಡಿಸಲು ನಮಗೇನು ಹಕ್ಕು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.

ಓರೆ ಗುಣಾಕಾರ ಹೋದ ಮೇಲೆ

ಪಠ್ಯದ ಹೊರೆ ಇಳಿಸಲು 2022ರಲ್ಲಿ ಎನ್‌ಸಿಇಆರ್‌ಟಿ ಈ ಅಧ್ಯಾಯದಿಂದ ಓರೆ ಗುಣಾಕಾರ ವಿಧಾನವನ್ನೂ, ರೇಖಾತ್ಮಕ ರೂಪಕ್ಕೆ ತರಬಹುದಾದ ಸಮೀಕರಣಗಳ ಭಾಗವನ್ನೂ ಕೈಬಿಟ್ಟಿತು. ಸ್ವಾಗತಿಸಿದವರ ಕಾರಣ ಸರಳ: ಬಾಣದ ಗುರುತುಗಳನ್ನು ಬಾಯಿಪಾಠ ಮಾಡಿಸುವ, ಚಿಹ್ನೆ ತಪ್ಪಿದರೆ ಎಲ್ಲವೂ ತಪ್ಪುವ ವಿಧಾನ ಹೋದದ್ದೇ ಒಳ್ಳೆಯದು. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಹೋದದ್ದು ಬರಿಯ ಬಾಣಗಳಲ್ಲ. ಸಹಗುಣಕಗಳ ಅನುಪಾತ ಹೋಲಿಸಿ ಗೆರೆಗಳು ಛೇದಿಸುತ್ತವೆಯೋ, ಸಮಾಂತರವೋ, ಐಕ್ಯಗೊಳ್ಳುತ್ತವೆಯೋ ಎಂದು ಹೇಳುವ ನಿಯಮ ಪಠ್ಯದಲ್ಲಿ ಉಳಿದೇ ಇದೆ. ಆ ನಿಯಮದ ಕಾರಣ ಇದ್ದದ್ದು ಓರೆ ಗುಣಾಕಾರದ ಛೇದದಲ್ಲಿ: ಮೊದಲ ಸಾಲಿನ ಮೊದಲ ಸಹಗುಣಕವನ್ನು ಎರಡನೇ ಸಾಲಿನ ಎರಡನೆಯದರಿಂದ ಗುಣಿಸಿ, ಉಳಿದ ಓರೆ ಜೋಡಿಯ ಗುಣಲಬ್ಧವನ್ನು ಕಳೆದದ್ದು. ಹಣ್ಣಿನ ಲೆಕ್ಕದಲ್ಲಿ ಅದು 9×9−7×7, ಮಹಾವೀರರ 32. ಅಂಗಡಿಯವರು ರಿಯಾಯಿತಿ ಕೊಟ್ಟ ಲೆಕ್ಕದಲ್ಲಿ 2×6−3×4, ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ಅದಕ್ಕೇ ಅಲ್ಲಿ ಅನನ್ಯ ಪರಿಹಾರವಿಲ್ಲ. ಕಾರಣ ಹೋಯಿತು, ನಿಯಮ ಉಳಿಯಿತು. ಹಾಗೆ ಉಳಿದ ನಿಯಮ ಉರುಹೊಡೆಯಲು ಮಾತ್ರ.

ಗೆರೆಗಳ ಓರೆ ಒಂದೇ ಆದರೆ ಸಮಾಂತರ ಎಂದು ನಕ್ಷೆಯಿಂದಲೇ ವಿವರಿಸಬಹುದಲ್ಲ ಎಂಬ ಮರುವಾದವಿದೆ. ವಿವರಿಸಬಹುದು. ಆದರೆ ಗೆರೆಯ ಓರೆಯನ್ನು ಸಂಖ್ಯೆಯಾಗಿ ಅಳೆಯುವ ಪಾಠ ಬರುವುದು ಪಿಯುಸಿಯಲ್ಲಿ. ಹತ್ತನೇ ತರಗತಿಯ ಮಗುವಿನ ಕೈಗೆ ಆ ಸಾಧನ ಬಂದಿರುವುದಿಲ್ಲ. ವಿಧಾನವನ್ನು ಮರಳಿ ತರಬೇಕೆಂಬುದು ನನ್ನ ಬೇಡಿಕೆಯಲ್ಲ. ಅಂಕಿಗಳ ಜಾಗದಲ್ಲಿ ಅಕ್ಷರಗಳನ್ನಿಟ್ಟು ಒಮ್ಮೆ, ಒಂದೇ ಒಂದು ಸಲ, ವರ್ಜಿಸಿ ತೋರಿಸಿದರೆ ಆ ಛೇದ ತಾನಾಗಿ ಹೊರಬೀಳುತ್ತದೆ. ಅರ್ಧ ಪೀರಿಯಡ್ ಸಾಕು.

ಮಾತಿನಿಂದ ಸಮೀಕರಣಕ್ಕೆ

ಇಲ್ಲಿಯವರೆಗಿನ ಪಂಥಗಳೆಲ್ಲ ಸಮೀಕರಣ ಕೈಗೆ ಬಂದ ಮೇಲಿನವು. ಕೊನೆಯ ಪಂಥ, ನನಗೆ ಹೆಚ್ಚು ಮುಖ್ಯವೆನಿಸುವುದು, ಕಷ್ಟ ಅದಕ್ಕೂ ಮೊದಲೇ ಇದೆ ಎನ್ನುತ್ತದೆ. 1980ರ ಆಸುಪಾಸಿನಲ್ಲಿ ಜಾನ್ ಕ್ಲೆಮೆಂಟ್ ಮತ್ತು ಜೊತೆಗಾರರು ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಸಣ್ಣ ವಾಕ್ಯ ಕೊಟ್ಟರು: ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ, ಸಮೀಕರಣ ಬರೆಯಿರಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಿದರು, ಬಹುಪಾಲು ಆರನ್ನು ತಪ್ಪು ಕಡೆಗೆ ಕಟ್ಟಿ. ಓದಿದ ಕ್ರಮದಲ್ಲೇ ಅಕ್ಷರಗಳನ್ನು ಇಳಿಸಿದ್ದು ಅದಕ್ಕೊಂದು ಕಾರಣ.

ಕನ್ನಡದಲ್ಲಿ ತೊಡಕು ಇನ್ನೊಂದು ಬಗೆಯದು. 'ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಕ್ಕಿಂತ ಐದು ಹೆಚ್ಚು.' ಈ ವಾಕ್ಯದಲ್ಲಿ ಸಮಚಿಹ್ನೆ ಎಲ್ಲಿದೆ? ಎಲ್ಲೂ ಇಲ್ಲ. ಕನ್ನಡದ ಇಂಥ ವಾಕ್ಯಕ್ಕೆ ಕ್ರಿಯಾಪದವೇ ಬೇಡ. 'ತಂದೆಯ ವಯಸ್ಸು' ಎಂದಾದ ಮೇಲಿನ ಉಸಿರಿನಲ್ಲಿ ಸಮಚಿಹ್ನೆ ಅಡಗಿದೆ. ಮುಂದೆ ಮಗನ ವಯಸ್ಸು ಮೊದಲು, ಮೂರು ಆಮೇಲೆ, ಗುಣಿಸುವ ಸೂಚನೆಯಾದ 'ಅಷ್ಟು' ಅದರ ಬೆನ್ನಿಗೆ, ಐದು, ಕೊನೆಗೆ ಕೂಡಿಸುವ 'ಹೆಚ್ಚು'. ಸಂಖ್ಯೆ ಮುಂದೆ, ಕ್ರಿಯೆ ಹಿಂದೆ. ಸಮೀಕರಣ ಬರೆಯುವಾಗ ಮೂರು ಮಗನ ಅಕ್ಷರದ ಹಿಂದಿನಿಂದ ಮುಂದಕ್ಕೆ ಹಾರಬೇಕು, ಕ್ರಿಯೆಗಳು ಕೊನೆಯಿಂದ ನಡುವಿಗೆ ಬರಬೇಕು. ಇಂಗ್ಲಿಷಿನಿಂದ ಅನುವಾದವಾಗಿ ಬಂದ ಲೆಕ್ಕದ ವಾಕ್ಯಗಳು ಈ ಹಾರಾಟವನ್ನು ಇನ್ನಷ್ಟು ಉದ್ದ ಮಾಡುತ್ತವೆ. ಇದರ ಮೇಲೆ 'ಮೂರು ಪಟ್ಟು' ಮತ್ತು 'ಮೂರು ಪಟ್ಟು ಹೆಚ್ಚು' ಎಂಬುದರ ಗೊಂದಲ: ಎರಡನೆಯದು ಮೂರರಷ್ಟೋ, ನಾಲ್ಕರಷ್ಟೋ? ಪತ್ರಿಕೆಗಳಲ್ಲೂ ಮಾತಿನಲ್ಲೂ ಎರಡೂ ಒಂದೇ ಎಂಬಂತೆ ಬಳಕೆಯಾಗುತ್ತವೆ. ಮನೆಯಲ್ಲಿ 'ಮೂಡು ರೆಟ್ಲು' ಎಂದು ಕೇಳಿ ಬೆಳೆದ ಪಾವಗಡದ ಗಡಿಯ ಮಗು, ಪುಸ್ತಕದ 'ಮೂರರಷ್ಟಕ್ಕಿಂತ' ಎಂಬ ಗಂಟು ಪದವನ್ನು ಬಿಡಿಸಿ, ಆಮೇಲೆ ಲೆಕ್ಕ ಬಿಡಿಸಬೇಕು. ತಪ್ಪಿದಾಗ ಅದನ್ನು ಗಣಿತದ ತಪ್ಪೆಂದೇ ಬರೆದುಕೊಳ್ಳುತ್ತೇವೆ.

ಲೆಕ್ಕವೆಂದರೆ ಅಂಕಿ, ಭಾಷೆಯ ಗೊಡವೆ ಭಾಷಾ ಶಿಕ್ಷಕರದು ಎಂಬ ಆಕ್ಷೇಪ ಸಾಮಾನ್ಯ. ರಾಜಾದಿತ್ಯ ಅದನ್ನು ಒಪ್ಪುತ್ತಿರಲಿಲ್ಲ. ಅವನು ಲೆಕ್ಕವನ್ನು ಕನ್ನಡದಲ್ಲಿ ಹೇಳುವುದನ್ನೇ ಕೆಲಸವಾಗಿ ಎತ್ತಿಕೊಂಡವನು. ಬೀಜಗಣಿತದ ಮೊದಲ ಹೆಜ್ಜೆಯೇ ಅನುವಾದ. ಹಾಗಿದ್ದ ಮೇಲೆ ಆ ಅನುವಾದ ಕಲಿಸುವ ಹೊಣೆ ಗಣಿತದ ತರಗತಿಯದೇ.

ತೀರದೆ ಉಳಿದವು

ನಕ್ಷೆ ಮೊದಲೋ ಬೀಜಗಣಿತ ಮೊದಲೋ ಎಂಬುದು ತೀರಿಲ್ಲ. ಬಾಯಿಲೆಕ್ಕದಿಂದ ಹೊರಟು, ವರ್ಜಿಸುವುದನ್ನು ಅದರ ಬೆನ್ನಿಗೆ ತಂದು, ನಕ್ಷೆಯನ್ನು ಆಮೇಲೆ ಸಾಕ್ಷಿಗೆ ಕರೆಯುವ ಕ್ರಮ ನನಗೆ ಸರಿಯೆನಿಸುತ್ತದೆ. ಆದರೆ ಚಿತ್ರದಿಂದಲೇ ತಿಳಿಯುವ ಮಕ್ಕಳೂ ತರಗತಿಯಲ್ಲಿರುತ್ತಾರೆ, ಒಂದೇ ಕ್ರಮ ಎಲ್ಲರಿಗೂ ಹೊಂದೀತೆಂದು ಹೇಳುವ ಆಧಾರ ಯಾವ ಪಂಥದ ಬಳಿಯೂ ಇಲ್ಲ. ಕ್ಯಾಮೆರಾ ಹಿಡಿದರೆ ಹಂತಹಂತವಾಗಿ ಲೆಕ್ಕ ಬಿಡಿಸಿಕೊಡುವ ಫೋನು ಎಲ್ಲ ಕೈಗೂ ಬರುತ್ತಿರುವಾಗ, ಬಿಡಿಸುವ ಕೌಶಲಕ್ಕೆ ಎಷ್ಟು ಅಂಕ, ಕಟ್ಟುವ ಕೌಶಲಕ್ಕೆ ಎಷ್ಟು ಅಂಕ ಎಂಬ ಹಂಚಿಕೆಯೂ ಹೊಸದಾಗಿ ಆಗಬೇಕು. ಚೀನಾದ ಕಡ್ಡಿಗಳ ವಿಧಾನಕ್ಕೂ ಭಾರತದ ಬಣ್ಣಗಳ ವಿಧಾನಕ್ಕೂ ಕೊಡುಕೊಳ್ಳುವಿಕೆ ಇತ್ತೇ ಎಂಬುದು ಇತಿಹಾಸಕಾರರ ನಡುವೆ ತೆರೆದ ಪ್ರಶ್ನೆ.

ಇನ್ನೊಂದು ಪ್ರಶ್ನೆಯನ್ನು ಮಹಾವೀರರ ಲೆಕ್ಕವೇ ಎತ್ತುತ್ತದೆ. ಹಣ್ಣಿನ ಬೆಲೆ ಧನ ಪೂರ್ಣಾಂಕವೇ ಎಂದು ಒಪ್ಪಿದರೆ, ಏಳು ಮಾದಲ, ಒಂಬತ್ತು ಬೇಲಕ್ಕೆ 101 ಎಂಬ ಎರಡನೇ ಹೇಳಿಕೆಯೊಂದೇ ಸಾಕು. ಎಂಟು ಮತ್ತು ಐದನ್ನು ಬಿಟ್ಟು ಬೇರೆ ಯಾವ ಜೋಡಿಯೂ ಅದಕ್ಕೆ ಹೊಂದುವುದಿಲ್ಲ. ಬೇಲಕ್ಕೆ ಒಂದರಿಂದ ಹನ್ನೊಂದರವರೆಗೆ ಬೆಲೆಯಿಟ್ಟು ನೋಡಿದರೆ ಐದರಲ್ಲಿ ಮಾತ್ರ ಉಳಿದ ಹಣ ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆರ್ಯಭಟನ ಕಾಲದಿಂದ ಕುಟ್ಟಕ ಎಂಬ ಹೆಸರಿನಲ್ಲಿ ಬೆಳೆದ ವಿದ್ಯೆ ಇದು. ಎರಡು ಗುಟ್ಟಿಗೆ ಎರಡು ಮಾತು ಬೇಕೇ ಬೇಕು ಎಂದು ಹತ್ತನೇ ತರಗತಿಯಲ್ಲಿ ಹೇಳುವಾಗ, ಗುಟ್ಟು ಎಂಥ ಸಂಖ್ಯೆ ಎಂಬ ಮಾತನ್ನು ಎಲ್ಲಿ, ಯಾವ ವಯಸ್ಸಿಗೆ ಸೇರಿಸಬೇಕು ಎಂಬುದಕ್ಕೆ ಶಾಲಾ ಪಠ್ಯಕ್ರಮ ಇನ್ನೂ ಜಾಗ ಹುಡುಕಿಲ್ಲ.